ಸಂಗೀತಶಾಸ್ತ್ರವನ್ನು ಕಲಿಸುವ ಬಗೆ

ಸ್ಮರಣ ಸಂಚಿಕೆಗಾಗಿ ಶಾಲೆಯ ಏಳಿಗೆಯ ವಿಷಯವಾಗಿ ನಾಲ್ಕು ಮಾತು ಬರೆದುಕೊಡಬೇಕೆಂದು ಸಮಿತಿಯವರು ನಮ್ಮನ್ನು ಕೇಳಿದರು. ಕಟ್ಟಡ, ಫಲಿತಾಂಶ, ಆಟೋಟಗಳ ಪದಕ ಮೊದಲಾದವುಗಳ ವರದಿಯು ಬೇರೆ ಪುಟಗಳಲ್ಲಿ ಹೇಗೂ ಅಚ್ಚಾಗುವುದರಿಂದ, ನಾವು ವೇಳಾಪಟ್ಟಿಯ ಒಂದು ಸಣ್ಣ ಮೂಲೆಯನ್ನು ಆರಿಸಿಕೊಂಡಿದ್ದೇವೆ. ಅದು ವಾರಕ್ಕೆ ಎರಡು ಸಾರಿ, ನಲವತ್ತು ನಿಮಿಷಗಳ ಮಟ್ಟಿಗೆ ನಡೆಯುವ ಸಂಗೀತದ ತರಗತಿ. ಅದರೊಳಗೂ ಬಾಲಿಕೆಯರು ಬಾಯಿತುಂಬ ಹಾಡುವ ಭಾಗವಲ್ಲ, ಅವರು ಮೆಲ್ಲಗೆ ಆಕಳಿಸುವ ಭಾಗ, ಎಂದರೆ ಸಂಗೀತಶಾಸ್ತ್ರ.

ನಾವು ಮಿಷನ್ ಶಾಲೆಯ ವಿದ್ಯಾರ್ಥಿನಿಲಯದಲ್ಲಿದ್ದಾಗ ಈ ಶಾಸ್ತ್ರವನ್ನು ಉಕ್ತಲೇಖನದಂತೆ ಬರೆಸುತ್ತಿದ್ದರು. ನಾದವೆಂದರೇನು, ಶ್ರುತಿಯೆಂದರೇನು, ಸ್ಥಾಯಿಗಳೆಷ್ಟು, ಗ್ರಹಗಳಾವುವು ಎಂದು ಒಂದೊಂದಕ್ಕೂ ಎರಡೆರಡು ಸಾಲಿನ ಲಕ್ಷಣವಿರುತ್ತಿತ್ತು. ಅದನ್ನು ಕಂಠಪಾಠಮಾಡಿ ಪರೀಕ್ಷೆಯ ದಿನ ಕಾಗದದ ಮೇಲೆ ಇಳಿಸಿಬಿಟ್ಟರೆ ತೇರ್ಗಡೆ. ಅದೇ ಬಾಲಿಕೆಯರು ಬೆಳಗಿನ ಪ್ರಾರ್ಥನೆಯಲ್ಲಿ ಕೀರ್ತನೆಗಳನ್ನು ನಾಲ್ಕು ಧ್ವನಿಗಳಲ್ಲಿ ಹಂಚಿಕೊಂಡು ಸೊಗಸಾಗಿ ಹಾಡುತ್ತಿದ್ದರು. ಎಂಟು ಗಂಟೆಗೆ ಹಾಡಿದ್ದೂ ಹನ್ನೊಂದು ಗಂಟೆಗೆ ಬರೆದದ್ದೂ ಒಂದೇ ವಸ್ತುವೆಂದು ನಮಗೆ ಯಾರೂ ಹೇಳಲಿಲ್ಲ. ತರುವಾಯ ಉಪಾಧ್ಯಾಯಿನಿಯರಾದ ಮೇಲೆ, ಶಾಸ್ತ್ರದ ಪ್ರಶ್ನಪತ್ರಿಕೆಯಲ್ಲಿ ಉತ್ತಮ ಅಂಕ ಪಡೆದ ಹುಡುಗಿಯೊಬ್ಬಳು, ಶ್ರುತಿಪೆಟ್ಟಿಗೆಯ ಮುಂದೆ ನಿಂತು ಷಡ್ಜವನ್ನು ಹಿಡಿಯಲಾರದೆ ತಲೆತಗ್ಗಿಸಿದ್ದನ್ನು ಕಂಡೆವು. ಆ ಮಗುವಿನ ಕಿವಿಯಲ್ಲಿ ದೋಷವೇನೂ ಇರಲಿಲ್ಲ. ಅವಳಿಗೆ ಹೆಸರುಗಳನ್ನು ಕೊಟ್ಟಿದ್ದರು; ಹೆಸರುಳ್ಳ ವಸ್ತುವನ್ನು ಕೊಟ್ಟಿರಲಿಲ್ಲ.

ಆದುದರಿಂದ ನಮ್ಮ ಶಾಲೆಯಲ್ಲಿ ನಾವೂ ಸಂಗೀತದ ಉಪಾಧ್ಯಾಯಿನಿಯವರೂ ಕುಳಿತು ಒಂದು ಕಟ್ಟುಪಾಡನ್ನು ಮಾಡಿಕೊಂಡೆವು. ಕಿವಿಗೆ ಅಥವಾ ಕೈಗೆ ಮೊದಲೇ ಬಾರದ ಯಾವ ಪಾರಿಭಾಷಿಕ ಶಬ್ದವನ್ನೂ ಕರಿಹಲಗೆಯ ಮೇಲೆ ಬರೆಯತಕ್ಕದ್ದಲ್ಲ. ಹೇಳುವುದಕ್ಕೆ ಇದು ಸುಲಭ, ನಡೆಸುವುದು ಪ್ರಯಾಸ. ಯಾಕೆಂದರೆ ಬರೆಸುವುದರಿಂದ ತರಗತಿಯು ಸದ್ದಿಲ್ಲದೆ ಇರುತ್ತದೆ, ಬಾರಿಸುವುದರಿಂದ ಪಕ್ಕದ ಕೊಠಡಿಯ ಗಣಿತದವರು ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಮೊದಲು ತಾಳದ ವಿಷಯ. ಇದನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ, ಯಾಕೆಂದರೆ ನಾವು ಕನ್ನಡದ ಪಾಠವನ್ನೂ ಹೇಳುವವರು, ಮತ್ತು ಈ ಭಾಗದಲ್ಲಿ ಕನ್ನಡದ ತರಗತಿಯೇ ಸಂಗೀತದ ತರಗತಿಗೆ ಮೂಲಧನ ಕೊಡುತ್ತದೆ. ಪ್ರೌಢಶಾಲೆಯ ಬಾಲಿಕೆಯರೆಲ್ಲರೂ ಛಂದಸ್ಸಿನಲ್ಲಿ ಮಾತ್ರಾಗಣಗಳನ್ನು ಕಲಿಯುತ್ತಾರೆ. ಭಾಮಿನೀ ಷಟ್ಪದಿಯಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುತ್ತವೆ. ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ 14 ಮಾತ್ರೆಗಳಿರುತ್ತವೆ. ಇದನ್ನು ಅವರು ಪ್ರಸ್ತಾರ ಹಾಕಿ ಅಂಕ ಗಳಿಸುತ್ತಾರೆ. ಆ ಪಾದವನ್ನೇ ಗಮಕಿಗಳು ವಾಚಿಸುವಂತೆ ಎಳೆದು ಓದಿಸಿ, ಪ್ರತಿ ಗಣದ ಮೊದಲಿಗೆ ಕೈತಟ್ಟಿಸಿದರೆ, ತಕಿಟ ತಕದಿಮಿ, ತಕಿಟ ತಕದಿಮಿ ಎಂಬ ನಡೆ ತಾನಾಗಿ ಹೊರಡುತ್ತದೆ. ಏಳು ಅಕ್ಷರಗಳ ಮಿಶ್ರಚಾಪು ತಾಳವೆಂದರೆ ಇದೇ. ಒಂದು ಪಾದಕ್ಕೆ ಎರಡು ಆವರ್ತ. ವಾರ್ಧಕದಲ್ಲಿ ಐದೈದು ಮಾತ್ರೆಗಳಾದುದರಿಂದ ತಕ ತಕಿಟ ಎಂದು ಖಂಡಚಾಪು ಬರುತ್ತದೆ. ಭೋಗದಲ್ಲಿ ಮೂರು, ಪರಿವರ್ಧಿನಿಯಲ್ಲಿ ನಾಲ್ಕು. ಕುಮಾರವ್ಯಾಸನನ್ನು ಓದಿದ ಹುಡುಗಿಗೆ ಮಿಶ್ರಚಾಪು ಹೊಸದಲ್ಲ; ಹೆಸರೊಂದು ಹೊಸದು. ಈ ಪಾಠ ನಡೆದ ದಿನ ತರಗತಿಯಲ್ಲಿ ಒಂದು ಬಗೆಯ ನಗು ಹರಡುತ್ತದೆ. ಕಳೆದುಕೊಂಡೆನೆಂದುಕೊಂಡ ಸರವು ತನ್ನ ಕೊರಳಿನಲ್ಲಿಯೇ ಇದ್ದುದನ್ನು ಕಂಡವರ ನಗು ಅದು.

ಇಲ್ಲಿ ಮಿಷನ್ನಿನವರ ಒಂದು ಉಪಕಾರವನ್ನು ಸ್ಮರಿಸುವುದು ಅಪ್ರಕೃತವಾಗಲಾರದು. ನಿಘಂಟುಕಾರರಾದ ಫರ್ಡಿನಂಡ್ ಕಿಟ್ಟೆಲರು (1832–1903) ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ 1875ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಪ್ರಕಟಿಸಿದರು. ಪರದೇಶದ ರಾಗಗಳಿಗೆ ಕನ್ನಡದ ಪದಗಳನ್ನು ತುರುಕಿದರೆ ಹ್ರಸ್ವವು ದೀರ್ಘವಾಗಿ ದೀರ್ಘವು ಹ್ರಸ್ವವಾಗಿ ಮಾತು ಕೆಡುತ್ತದೆಂಬುದು ಕೀರ್ತನೆ ಹಾಡುವವರೆಲ್ಲರಿಗೂ ತಿಳಿದ ಕಷ್ಟ. ಕಿಟ್ಟೆಲರು ಕನ್ನಡದ ಮಟ್ಟುಗಳಲ್ಲಿಯೇ ಪದ್ಯರಚನೆಗೆ ಕೈಹಾಕಿದವರು. ಒಂಬತ್ತನೆಯ ತರಗತಿಯವರಿಗೆ ಒಂದು ಕೀರ್ತನೆಯನ್ನೂ ಒಂದು ಷಟ್ಪದಿಯನ್ನೂ ಒಟ್ಟಿಗೆ ಕೊಟ್ಟು, ತಾಳದ ಪೆಟ್ಟು ಯಾವ ಅಕ್ಷರದ ಮೇಲೆ ಬೀಳುತ್ತದೆಂದು ಗುರುತುಹಾಕಿಸಿದರೆ, ಈ ಕಷ್ಟದ ಬೇರು ಎಲ್ಲಿದೆಯೆಂದು ಅವರೇ ಹೇಳುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಛಂದಸ್ಸಿನ ಲಘುವು ಒಂದು ಮಾತ್ರೆಯದು. ತಾಳದ ಲಘುವು ಜಾತಿಗೆ ತಕ್ಕಂತೆ ಮೂರು, ನಾಲ್ಕು, ಐದು, ಏಳು ಅಥವಾ ಒಂಬತ್ತು ಅಕ್ಷರಗಳದು. ಎರಡು ತರಗತಿಗಳಲ್ಲಿ ಒಂದೇ ಶಬ್ದವನ್ನು ಎರಡು ಅರ್ಥದಲ್ಲಿ ಕೇಳಿದ ಮಗುವು ಯಾರನ್ನು ನಂಬಬೇಕು? ಕನ್ನಡದ ಪಂಡಿತರೂ ಸಂಗೀತದ ವಿದುಷಿಯರೂ ಒಂದೇ ಕೊಠಡಿಯಲ್ಲಿ ಕಾಫಿ ಕುಡಿಯುತ್ತಿದ್ದರೂ ಈ ಗೊಂದಲವನ್ನು ಪರಸ್ಪರ ಹೇಳಿಕೊಳ್ಳುವುದು ಅಪರೂಪ. ನಮ್ಮಲ್ಲಿ ಈಗ ಹೇಳಿಕೊಳ್ಳುತ್ತೇವೆ. ಬಾಲಿಕೆಯರು ಆದಿತಾಳವನ್ನು ಹಾಕುವಾಗ ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು ಎಂದು ಎಣಿಸಿ ಇದು ತಾಳದ ಲಘುವೆಂದೂ, ಮುಂದೆ ಪೆಟ್ಟು-ಹುಸಿ, ಪೆಟ್ಟು-ಹುಸಿ ಎಂಬ ಎರಡು ದ್ರುತಗಳೆಂದೂ ಕೈಯಲ್ಲಿಯೇ ಓದುತ್ತಾರೆ. ಬಳಿಕ ಬೆರಳೆಣಿಕೆಯನ್ನು ಹಿಗ್ಗಿಸಿ ಕುಗ್ಗಿಸಿ ಏಳು ತಾಳಗಳಿಂದ 35 ತಾಳಗಳನ್ನು ತಾವೇ ಹುಟ್ಟಿಸುತ್ತಾರೆ. ಕೋಷ್ಟಕವನ್ನು ನಾವು ಬರೆಸುವುದಿಲ್ಲ. ಅವರು ಮಾಡಿ ತಂದದ್ದನ್ನು ತಿದ್ದುತ್ತೇವೆ.

ಗೋಕುಲವು ಹೊರಗಿನವರಿಗೆ ಯೋಗಾಭ್ಯಾಸದಿಂದ ಪರಿಚಿತವಾದ ಬಡಾವಣೆ. ದೂರದೇಶಗಳವರು ಹೊಸಕು ಬೆಳಕಿನಲ್ಲಿ ಚಾಪೆ ಸುತ್ತಿಕೊಂಡು ಇಲ್ಲಿಯ ಬೀದಿಗಳಲ್ಲಿ ನಡೆಯುತ್ತಿರುತ್ತಾರೆ. ಆ ಮನೆಗಳಲ್ಲಿ ಪಾತ್ರೆ ತೊಳೆದು ಜೀವನ ಮಾಡುವ ತಾಯಂದಿರ ಮಕ್ಕಳೂ ನಮ್ಮ ಶಾಲೆಗೆ ಬರುತ್ತಾರೆ. ಅಂಥ ಒಬ್ಬ ಬಾಲಿಕೆಯು ಎಂಟನೆಯ ತರಗತಿಯಲ್ಲಿ ಶಾಸ್ತ್ರದ ಪಾಠ ಬಂದಾಗಲೆಲ್ಲ ಕಡೆಯ ಬೆಂಚಿಗೆ ಸರಿದು ಕೂರುತ್ತಿದ್ದಳು. ಕಾರಣ ಕೇಳಿದ್ದಕ್ಕೆ, “ಮಿಸ್, ಶಾಸ್ತ್ರ ಎಲ್ಲ ನಮ್ಮಂಥೋರಿಗೆ ಬರಲ್ಲವಂತೆ” ಎಂದಳು. ಯಾರು ಹೇಳಿದರೆಂದು ನಾವು ಕೇಳಲಿಲ್ಲ. ಹೇಳುವವರಿಗೆ ನಮ್ಮ ಊರಿನಲ್ಲಿ ಬರವಿಲ್ಲ. ಅವಳ ತಾತನು ಹಬ್ಬ ಮೆರವಣಿಗೆಗಳಲ್ಲಿ ತಮಟೆ ಬಾರಿಸುವವನೆಂದು ತಿಳಿದ ಉಪಾಧ್ಯಾಯಿನಿಯವರು, ತಾತನ ಒಂದು ಪೆಟ್ಟನ್ನು ಮೇಜಿನ ಮೇಲೆ ಬಾರಿಸಿ ತೋರಿಸಮ್ಮ ಎಂದರು. ಹುಡುಗಿ ಬಹಳ ಹೊತ್ತು ಒಪ್ಪಲಿಲ್ಲ. ಕಡೆಗೆ ಎರಡು ಬೆರಳುಗಳಿಂದ ಆರಂಭಿಸಿದಳು. ಮೂರು ಮೂರರ ನಡೆ. ಉಳಿದವರು ಕೈತಟ್ಟಿ ಎಣಿಸಹೋದರೆ ಅವಳ ಮೊದಲ ಪೆಟ್ಟು ಇವರ ತಟ್ಟಿನ ಮೇಲೆ ಬೀಳದೆ, ತಟ್ಟು ಬಿದ್ದ ಮೇಲೆ ಅರ್ಧ ಎಣಿಕೆ ತಡೆದು ಬೀಳುತ್ತಿತ್ತು. ಇಡೀ ತರಗತಿಯು ಎರಡು ಸಾರಿ ತಪ್ಪಿತು. ಅವಳು ತಪ್ಪಲಿಲ್ಲ. ಸಮ, ಅತೀತ, ಅನಾಗತ ಎಂಬ ಗ್ರಹಭೇದಗಳನ್ನು ನಾವೆಲ್ಲ ಹಿಂದೆ ಬಾಯಿಪಾಠ ಮಾಡಿದ್ದುಂಟು. ತಾಳವು ಮೊದಲಾದ ಮೇಲೆ ತಡೆದು ಎತ್ತುವುದು ಅನಾಗತ. ಆ ದಿನ ಆ ಶಬ್ದವನ್ನು ಕರಿಹಲಗೆಯ ಮೇಲೆ ಬರೆಯುವ ಹಕ್ಕು ಉಪಾಧ್ಯಾಯಿನಿಯವರಿಗೆ ದೊರೆಯಿತು, ಮತ್ತು ಅದರ ಪಕ್ಕದಲ್ಲಿ ಬರೆಯಬೇಕಾದ ಉದಾಹರಣೆಯನ್ನು ಆ ಬಾಲಿಕೆಯೇ ಕೊಟ್ಟಳು. ಈಗ ಅವಳು ಮೂರನೆಯ ಬೆಂಚಿನಲ್ಲಿದ್ದಾಳೆ. ಮೊದಲನೆಯದಕ್ಕೆ ಬರುವಷ್ಟು ನಂಬಿಕೆ ಇನ್ನೂ ಹುಟ್ಟಿಲ್ಲ.

ಇನ್ನು ಸ್ವರಗಳು. ಒಂದು ಉದ್ದನೆಯ ಹಲಗೆಗೆ ಎರಡು ಕುದುರೆಗಳನ್ನಿಟ್ಟು ಉಕ್ಕಿನ ತಂತಿಯನ್ನು ಬಿಗಿದಿದ್ದೇವೆ. ಬಡಗಿಗೆ ಅರ್ಧ ದಿನದ ಕೆಲಸ. ತಂತಿಯನ್ನು ಪೂರ್ತಿಯಾಗಿ ಮೀಟಿದಾಗ ಬಂದ ಧ್ವನಿಯನ್ನು ಷಡ್ಜವೆಂದಿಟ್ಟುಕೊಂಡರೆ, ಸರಿಯಾಗಿ ಅರ್ಧ ಉದ್ದದಲ್ಲಿ ತಾರಸ್ಥಾಯಿಯ ಷಡ್ಜವೂ, ಮೂರರಲ್ಲಿ ಎರಡು ಪಾಲಿನಲ್ಲಿ ಪಂಚಮವೂ, ನಾಲ್ಕರಲ್ಲಿ ಮೂರು ಪಾಲಿನಲ್ಲಿ ಶುದ್ಧಮಧ್ಯಮವೂ ಬರುತ್ತವೆ. ಅಳತೆಪಟ್ಟಿಯನ್ನು ಮಕ್ಕಳ ಕೈಗೆ ಕೊಡಬೇಕು. ಮೊದಲು ಕಿವಿಯಿಂದ ಜಾಗವನ್ನು ಹುಡುಕಿಸಿ, ಆಮೇಲೆ ಅಳೆಯಿಸಬೇಕು. ಕಿವಿಯು ಆರಿಸಿದ ಜಾಗಕ್ಕೂ ಭಿನ್ನರಾಶಿಯು ಹೇಳಿದ ಜಾಗಕ್ಕೂ ಕೂದಲೆಳೆಯಷ್ಟೇ ಅಂತರವಿದ್ದದ್ದನ್ನು ಕಂಡಾಗ ಹುಡುಗಿಯರ ಮುಖವನ್ನು ನೋಡಬೇಕು! ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ಶಬ್ದದ ಪಾಠ ಬರುವ ವಾರವೇ ಇದನ್ನು ಇಟ್ಟುಕೊಳ್ಳುತ್ತೇವೆ. ಬಳಿಕ ವೀಣೆಯನ್ನು ತಂದಿಡುತ್ತೇವೆ. ಮೇಣದ ಮೇಲೆ ಕೂತ 24 ಮೆಟ್ಟಿಲುಗಳಲ್ಲಿ ಏಳನೆಯದು ಪಂಚಮ, ಹನ್ನೆರಡನೆಯದು ತಂತಿಯ ನಡುಮಧ್ಯ. ಕುದುರೆಯ ಕಡೆಗೆ ಹೋದಂತೆ ಮೆಟ್ಟಿಲುಗಳು ಯಾಕೆ ಒತ್ತೊತ್ತಾಗುತ್ತವೆಂದು ಪ್ರತಿ ವರ್ಷವೂ ಯಾರಾದರೂ ಕೇಳಿಯೇ ಕೇಳುತ್ತಾರೆ. ವೀಣೆಯ ಶೇಷಣ್ಣನವರು (1852–1926) ಇದ್ದ ಊರಿನಲ್ಲಿ ಒಂದು ವೀಣೆಯನ್ನು ಮುಟ್ಟದೆಯೇ ಮಕ್ಕಳು ಶಾಲೆ ಬಿಡುವುದು ನಮಗೆ ಸರಿಯೆನಿಸುವುದಿಲ್ಲ.

ಹನ್ನೆರಡು ಸ್ವರಸ್ಥಾನಗಳಿಗೆ ಹದಿನಾರು ಹೆಸರುಗಳೆಂಬುದು ಈ ಶಾಸ್ತ್ರದಲ್ಲಿ ಎಲ್ಲರೂ ಎಡವುವ ಹೊಸ್ತಿಲು. ನಾವು ಹದಿಮೂರು ಬಾಲಿಕೆಯರನ್ನು ವರಾಂಡದಲ್ಲಿ ಸಾಲಾಗಿ ನಿಲ್ಲಿಸುತ್ತೇವೆ, ಕಡೆಯವಳು ತಾರಷಡ್ಜ. ಒಂದು, ಎರಡು, ಐದು, ಆರು, ಎಂಟು, ಒಂಬತ್ತು, ಹನ್ನೆರಡು, ಹದಿಮೂರನೆಯವರು ಒಂದು ಹೆಜ್ಜೆ ಮುಂದೆ ಬಂದರೆ ಮಾಯಾಮಾಳವಗೌಳ. ಪುರಂದರದಾಸರು ಆರಂಭದ ಪಾಠಗಳಿಗೆ ಈ ರಾಗವನ್ನೇ ಗೊತ್ತುಮಾಡಿದರೆಂಬುದು ಸಂಪ್ರದಾಯ. ಯಾಕಿರಬಹುದೆಂದು ಮಕ್ಕಳನ್ನೇ ಕೇಳುತ್ತೇವೆ. ಸಾಲನ್ನು ನೋಡಿದ ಕೂಡಲೇ, ಎಡಗಡೆಯ ನಾಲ್ವರು ನಿಂತ ಹಾಗೆಯೇ ಬಲಗಡೆಯ ನಾಲ್ವರೂ ನಿಂತಿದ್ದಾರೆ, ಮೇಲರ್ಧವು ಕೆಳಗಿನರ್ಧದ ಪಡಿಯಚ್ಚು ಎಂದು ಹೇಳಿಬಿಡುತ್ತಾರೆ. ಎರಡನೆಯವಳು ಹಿಂದೆ ಸರಿದು ಮೂರನೆಯವಳೂ, ಒಂಬತ್ತನೆಯವಳು ಹಿಂದೆ ಸರಿದು ಹತ್ತನೆಯವಳೂ ಮುಂದೆ ಬಂದರೆ ಶಂಕರಾಭರಣವಾಯಿತು. ಈಗ ಮೂರನೆಯವಳನ್ನು ನಿಲ್ಲಿಸಿ, ನಿನ್ನ ಹೆಸರೇನೆಂದು ಕೇಳಬೇಕು. ರಿಷಭದ ಕೆಲಸ ಮಾಡುವಾಗ ಅವಳು ಚತುಶ್ರುತಿ ರಿಷಭ. ಅವಳಿಗಿಂತ ಕೆಳಗೆ ಬೇರೊಬ್ಬ ರಿಷಭವಿದ್ದರೆ ಅವಳೇ ಶುದ್ಧ ಗಾಂಧಾರ. ಮನೆಯಲ್ಲಿ ಅಕ್ಕನೂ ಅತ್ತೆಯ ಮನೆಯಲ್ಲಿ ಸೊಸೆಯೂ ಒಬ್ಬಳೇ ಅಲ್ಲವೆ? ಇಂಥ ಎರಡು ಹೆಸರಿನವರು ಸಾಲಿನಲ್ಲಿ ನಾಲ್ವರು. ಹನ್ನೆರಡಕ್ಕೆ ನಾಲ್ಕು ಕೂಡಿ ಹದಿನಾರು.

ಇದು ಮನಸ್ಸಿಗೆ ಹತ್ತಿದ ಮೇಲೆ 72 ಮೇಳಗಳು ಅಂಜಿಸುವುದಿಲ್ಲ. ಷಡ್ಜಕ್ಕೂ ಮಧ್ಯಮಕ್ಕೂ ನಡುವೆ ನಿಂತ ನಾಲ್ವರಲ್ಲಿ ಇಬ್ಬರನ್ನು ಆರಿಸುವುದಕ್ಕೆ ಆರು ದಾರಿ. ಪಂಚಮದ ಮೇಲಿನ ನಾಲ್ವರಲ್ಲಿಯೂ ಆರು. ಆರಾರಲೆ 36; ಮಧ್ಯಮಗಳು ಎರಡಾದುದರಿಂದ 72. ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನಲ್ಲಿದ್ದ ಕನ್ನಡ ಮನೆತನದ ವೆಂಕಟಮಖಿಯು ಚತುರ್ದಂಡೀಪ್ರಕಾಶಿಕೆಯಲ್ಲಿ ಈ ಲೆಕ್ಕವನ್ನು ಹಾಕಿದನು. ಅವನ ಕಾಲದಲ್ಲಿ ಬಳಕೆಯಲ್ಲಿದ್ದವೆಂದು ಅವನು ವಿವರಿಸಿದ್ದು 19 ಮೇಳಗಳನ್ನು ಮಾತ್ರ. ಉಳಿದ ಮನೆಗಳನ್ನು ಖಾಲಿಯಾಗಿಯೇ ಕಟ್ಟಿಟ್ಟನು, ಮುಂದೆ ವಾಗ್ಗೇಯಕಾರರು ಬಂದು ಒಕ್ಕಲಾದರು. 1869ರಲ್ಲಿ ಮೆಂಡಲೀಫನು ಮೂಲವಸ್ತುಗಳ ಕೋಷ್ಟಕದಲ್ಲಿ ಖಾಲಿ ಜಾಗಗಳನ್ನು ಬಿಟ್ಟಿದ್ದ ಕಥೆಯನ್ನು ವಿಜ್ಞಾನದ ಉಪಾಧ್ಯಾಯಿನಿಯವರು ಇದರೊಡನೆ ಸೇರಿಸಿ ಹೇಳುತ್ತಾರೆ. ಹೆಸರಿನ ಮೊದಲೆರಡು ಅಕ್ಷರಗಳಿಂದ ಮೇಳದ ಸಂಖ್ಯೆಯನ್ನು ತೆಗೆಯುವ ಕಟಪಯಾದಿ ಸೂತ್ರವು ಜಾಣೆಯರಿಗೆ ಬಲುಪ್ರಿಯ. ಮಾ ಎಂದರೆ ಐದು, ಯಾ ಎಂದರೆ ಒಂದು, ತಿರುಗಿಸಿದರೆ 15 ಎಂದು ಊಟದ ಹೊತ್ತಿನಲ್ಲಿಯೂ ಆಡುತ್ತಿರುತ್ತಾರೆ. ಆಟವು ಒಳ್ಳೆಯದೇ, ಆದರೆ ಹದಿನೈದೆಂದು ಹೇಳಿದವಳು ಆ ರಾಗವನ್ನು ಕೇಳಿ ಗುರುತಿಸುವಳೆಂದು ತಿಳಿಯಕೂಡದು.

ನಮ್ಮಂಥ ಶಾಲೆಗಳಿಗೆ ಇನ್ನೊಂದು ಪ್ರತ್ಯೇಕವಾದ ತೊಡಕುಂಟು. ಬಾಲಿಕೆಯರು ಗಾಯಕವೃಂದದಲ್ಲಿ ಡೋ ರೇ ಮಿ ಎನ್ನುತ್ತಾರೆ, ಸಂಗೀತದ ತರಗತಿಯಲ್ಲಿ ಸ ರಿ ಗ ಎನ್ನುತ್ತಾರೆ, ಇವೆರಡೂ ಬೇರೆ ಬೇರೆ ದೇಶಗಳೆಂದು ಭಾವಿಸುತ್ತಾರೆ. ಇಂಗ್ಲೆಂಡಿನ ನಾರ್ವಿಚ್ಚಿನಲ್ಲಿ ಸಾರಾ ಗ್ಲೋವರ್ ಎಂಬ ಉಪಾಧ್ಯಾಯಿನಿಯು (1786–1867) ಮಕ್ಕಳಿಗೆ ಕೀರ್ತನೆ ಕಲಿಸುವುದಕ್ಕಾಗಿ ಸ್ವರಗಳನ್ನು ಅವುಗಳ ಮೊದಲಕ್ಷರದಿಂದ ಬರೆಯುವ ಕ್ರಮವನ್ನು ಏರ್ಪಡಿಸಿದಳು. ಸೋ, ಸೀ ಎರಡಕ್ಕೂ ಮೊದಲಕ್ಷರ ಒಂದೇ ಆಗಿ ತೊಡಕಾದುದರಿಂದ ಸೀಯನ್ನು ಟೀ ಎಂದು ಬದಲಿಸಿದಳು. ಜಾನ್ ಕರ್ವೆನ್ ಎಂಬ ಬೋಧಕನು ಅದನ್ನು ತಿದ್ದಿ ಹರಡಿದನು. ಮಿಷನ್ನುಗಳ ಮೂಲಕ ಅದು ಲೋಕವನ್ನೆಲ್ಲ ಸುತ್ತಿತು. ಆ ಕ್ರಮದಲ್ಲಿ ಡೋ ಎಂಬುದು ಹಾರ್ಮೋನಿಯಮ್ಮಿನ ಯಾವ ಮನೆಯಲ್ಲಿ ಬೇಕಾದರೂ ಕೂರಬಹುದು. ನಮ್ಮ ಷಡ್ಜವೂ ಹಾಗೆಯೇ. ನಮ್ಮ ಏಳು ಸ್ವರಗಳಿಗೂ ಮೊದಲಕ್ಷರಗಳು ಬೇರೆ ಬೇರೆಯೇ. ಇದನ್ನು ತಿಳಿಸಿದ ಮೇಲೆ ಒಂದೇ ಸಾಲನ್ನು ಎರಡು ಹೆಸರುಗಳಲ್ಲಿಯೂ ಹಾಡಿಸುತ್ತೇವೆ. ಇಂಗ್ಲಿಷಿನಲ್ಲಿ ಅಮೇಜಿಂಗ್ ಗ್ರೇಸ್ ಎಂದು ಪ್ರಸಿದ್ಧವಾದ ಕೀರ್ತನೆಯ ಧಾಟಿಯು ಐದೇ ಸ್ವರಗಳದು, ಅವು ಮೋಹನರಾಗದ ಸ್ವರಗಳೇ. ಹಾಗೆಂದು ಅದು ಮೋಹನರಾಗವಲ್ಲ. ಗಮಕವಿಲ್ಲ, ಮೋಹನದ ಸಂಚಾರವಿಲ್ಲ. ಸ್ವರಗಳು ಒಂದೇ ಆಗಿದ್ದರೂ ರಾಗವು ಬೇರೆಯೆಂಬುದನ್ನು ಬಾಯಿಮಾತಿನಿಂದ ತಿಳಿಸುವುದು ಕಷ್ಟ. ಒಂದರ ಹಿಂದೆ ಒಂದನ್ನು ಹಾಡಿ ತೋರಿಸಿದರೆ ಐದನೆಯ ತರಗತಿಯ ಮಗುವಿಗೂ ತಿಳಿಯುತ್ತದೆ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತದಲ್ಲಿ ರಚಿಸಿದ ನೊಟ್ಟುಸ್ವರಗಳು ಈ ಪಾಠಕ್ಕೆ ಹೇಳಿಮಾಡಿಸಿದಂತಿವೆ.

ಎರಡು ಸಂಗೀತಗಳೂ ಒಂದೇ ಮನೆಯಲ್ಲಿ ಬಾಳಬಲ್ಲವೆಂಬುದಕ್ಕೆ ಮೈಸೂರಿನವರು ದೂರ ಹೋಗಬೇಕಾದುದಿಲ್ಲ. ಶ್ರೀ ಜಯಚಾಮರಾಜ ಒಡೆಯರವರು ಪಿಯಾನೋ ವಾದನವನ್ನು ಅಭ್ಯಾಸಮಾಡಿ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದವರು. ಅವರೇ ಕರ್ಣಾಟಕ ಪದ್ಧತಿಯಲ್ಲಿ 94 ಕೃತಿಗಳನ್ನು ರಚಿಸಿದರು. ಅರಮನೆಯಲ್ಲಿ ಕರ್ಣಾಟಕ ವಾದ್ಯವೃಂದವೂ ಇಂಗ್ಲಿಷ್ ಬ್ಯಾಂಡೂ ಎರಡೂ ಇದ್ದವು. ಪೋಲೀಸ್ ಬ್ಯಾಂಡಿನವರಲ್ಲಿ ಆ ಎರಡೂ ಪದ್ಧತಿಗಳು ಇಂದಿಗೂ ನಡೆದುಬಂದಿವೆ. ದಸರೆಯಲ್ಲಿ ನಮ್ಮ ಬಾಲಿಕೆಯರು ಕೇಳಿದ್ದನ್ನು ರಜೆ ಮುಗಿದ ಮೇಲೆ ತರಗತಿಗೆ ತಂದು ಹೇಳಬೇಕೆಂಬುದು ಅವರಿಗೆ ಕೊಟ್ಟ ಮನೆಪಾಠ.

ಕೇಳುವ ಅಭ್ಯಾಸದ ವಿಷಯವಾಗಿ ಒಂದು ಮಾತು. 1935ರಲ್ಲಿ ನಮ್ಮ ನೆರೆಯ ಒಂಟಿಕೊಪ್ಪಲಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಆರಂಭಿಸಿದಾಗ, ಹಾಡು ಬರುವ ಹೊತ್ತಿಗೆ ಜನರು ಕೆಲಸ ಬಿಟ್ಟು ಕಾಯಬೇಕಾಗಿತ್ತು. ಈಗ ಅಂಗೈಯೊಳಗಿನ ಫೋನಿನಲ್ಲಿ ಹಗಲಿರುಳೂ ಹಾಡು ಸುರಿಯುತ್ತದೆ, ಕಿವಿಯು ಮಾತ್ರ ಅಲ್ಲಿರುವುದಿಲ್ಲ. ಆದಕಾರಣ ನಮ್ಮ ಶಾಸ್ತ್ರದ ಪರೀಕ್ಷೆಯ ಅರ್ಧಭಾಗವನ್ನು ಕಣ್ಣುಮುಚ್ಚಿಸಿಯೇ ನಡೆಸುತ್ತೇವೆ. ಸಂಗೀತದ ಉಪಾಧ್ಯಾಯಿನಿಯವರು ಒಂದು ಪ್ರಯೋಗವನ್ನು ಎರಡು ಸಾರಿ ಹಾಡುತ್ತಾರೆ. ಎರಡನೆಯ ಸಾರಿ ಎಲ್ಲಿ, ಯಾವ ಸ್ವರ ಬದಲಾಯಿತೋ ಅಲ್ಲಿ ಕೈಯೆತ್ತಬೇಕು. ಲಕ್ಷಣವನ್ನು ಬರೆಯಲು ಬಾರದ ಹಲವರು ಇದರಲ್ಲಿ ಮೇಲುಗೈಯಾಗುತ್ತಾರೆ.

ಎರಡು ವರ್ಷಗಳ ಕೆಳಗೆ ಹತ್ತನೆಯ ತರಗತಿಯ ಪೋಷಕರು ಕೆಲವರು ಒಟ್ಟಾಗಿ ನಮ್ಮ ಕಚೇರಿಗೆ ಬಂದರು. ಸಂಗೀತದ ಎರಡು ಅವಧಿಗಳನ್ನೂ ಗಣಿತಕ್ಕೆ ಬಿಟ್ಟುಕೊಡಬೇಕೆಂಬುದು ಅವರ ಕೋರಿಕೆ. ವಿನಯವಾಗಿಯೇ ಮಾತನಾಡಿದರು, ಅವರ ಆತಂಕವೂ ಸುಳ್ಳಲ್ಲ. ಸಂಗೀತ ಕಲಿತರೆ ಗಣಿತದ ಅಂಕಗಳು ಏರುತ್ತವೆಂದು ಹೇಳಿ ಒಪ್ಪಿಸಬಹುದೆಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ನಾವು ಹಾಗೆ ಹೇಳಲಿಲ್ಲ. ಗಣಿತದ ಬಾಲ ಹಿಡಿದು ಬದುಕಬೇಕಾದ ಸಂಗೀತವು ಅಂಕಗಳು ಏರದ ವರ್ಷ ಮನೆಬಿಡಬೇಕಾಗುತ್ತದೆ. ಒಂದು ಅವಧಿಯನ್ನು ಗಣಿತಕ್ಕೆ ಕೊಟ್ಟು ಒಂದನ್ನು ಉಳಿಸಿಕೊಂಡೆವು, ಉಳಿದದ್ದರಲ್ಲಿ ಬರೆಯಿಸುವುದನ್ನು ಪೂರ್ತಿಯಾಗಿ ಬಿಟ್ಟೆವು. ಈ ವರ್ಷವೂ ಅದೇ ಏರ್ಪಾಟು. ಮುಂದಿನ ವರ್ಷ ಮತ್ತೆ ಬರುತ್ತೇವೆಂದು ಅವರಲ್ಲಿ ಇಬ್ಬರು ಈಗಲೇ ತಿಳಿಸಿದ್ದಾರೆ. ಬರಲಿ, ಕುರ್ಚಿ ಹಾಕಿಸೋಣ.

ಈ ಲೇಖನವನ್ನು ಬರೆಯುತ್ತಿರುವ ವಾರ ಎಂಟನೆಯ ತರಗತಿಯಲ್ಲಿ ಐದು ಜಾತಿಗಳ ಪಾಠ ನಡೆದಿದೆ. ತಿಶ್ರ ಮೂರು, ಚತುರಶ್ರ ನಾಲ್ಕು, ಖಂಡ ಐದು, ಮಿಶ್ರ ಏಳು, ಸಂಕೀರ್ಣ ಒಂಬತ್ತು ಎಂದು ಎಲ್ಲರೂ ಬೆರಳೆಣಿಸಿ ಮುಗಿಸಿದ ಮೇಲೆ ಮೂರನೆಯ ಬೆಂಚಿನಿಂದ ಒಂದು ಪ್ರಶ್ನೆ ಬಂದಿತು. ಆರಕ್ಷರದ ಲಘು ಯಾಕಿಲ್ಲ? ತಾತ ಬಾರಿಸುವುದು ಆರರದೇ ಅಲ್ಲವೆ? ಮೂರು ಎರಡು ಸಾರಿ ಆದರೆ ಆರಾಯಿತು, ಅದಕ್ಕೆ ಬೇರೆ ಜಾತಿ ಬೇಡವೆಂದು ಉಪಾಧ್ಯಾಯಿನಿಯವರು ಹೇಳಿದರು. ಹಾಗಾದರೆ ಮೂರು ಮೂರು ಸಾರಿ ಆದರೆ ಒಂಬತ್ತಾಯಿತಲ್ಲ ಮಿಸ್, ಅದಕ್ಕೆ ಯಾಕೆ ಬೇರೆ ಜಾತಿ ಕೊಟ್ಟಿದ್ದಾರೆ ಎಂದಳು. ಒಂಬತ್ತನ್ನು ನಾಲ್ಕು ಮತ್ತು ಐದಾಗಿ ಒಡೆದು ಬಾರಿಸಿ ನೋಡು, ಮೂರು ಮೂರಾಗಿಯೂ ಬಾರಿಸಿ ನೋಡು, ಎರಡರ ನಡೆಯೂ ಒಂದೆಯೋ ಬೇರೆಯೋ ತಾತನನ್ನು ಕೇಳಿಕೊಂಡು ಬಾ ಎಂದು ಹೇಳಿ ಕಳುಹಿಸಿದ್ದಾರೆ. ಸೋಮವಾರ ತರಗತಿಯುಂಟು.